ಬೆಳಗಿನ ಪಿರಿಯಡ್ಡು

ಜೂನ್ ೨, ಸೋಮವಾರ

ಅಂತೂ ಬಂದು ಮುಟ್ಟಿದೆವು. ಹನ್ನೆರಡು ಮಕ್ಕಳನ್ನು ಎಣಿಸಿ ಎಣಿಸಿ ತಲೆ ಚಿಟ್ಟು ಹಿಡಿದಿದೆ. ಮಕ್ಕಳು ಅಂತ ಬರೆಯೋಕೂ ನಗು ಬರುತ್ತೆ. ಹದಿನಾರು ದಾಟಿದ ಕೋಣಗಳು. ವಿಮಾನ ಇಳಿದ ಮೇಲೆ ಒಬ್ಬಳು ಕಾಣಲಿಲ್ಲ. ಹುಡುಕಿದರೆ ಗಾಜಿನ ಬಾಗಿಲ ಮುಂದೆ ನಿಂತು, "ಮಿಸ್, ಇಲ್ಲಿ ಎಲ್ಲಾ ಬಾಗಿಲೂ ಯಾಕೆ ಒಳಗಡೆಗೇ ತೆಗೆಯುತ್ತೆ?" ಅಂತಿದ್ದಾಳೆ. ಅಪ್ಪ ಅಮ್ಮ ಇಟ್ಟ ಹೆಸರು ಏನಾದರೂ ಇರಲಿ, ನನ್ನ ಪಾಲಿಗೆ ಇವಳು 'ಯಾಕೆ'.

ನಾನು ಬರಬೇಕಾದವಳೇ ಅಲ್ಲ. ಆಟದ ಮೇಷ್ಟ್ರು ಬರಬೇಕಿತ್ತು, ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು. ಪ್ರಿನ್ಸಿಪಾಲರು ನನ್ನನ್ನು ಕರೆಸಿ, "ನೀವು ಹೋಗಿಬನ್ನಿ ಡ್ರಾಯಿಂಗ್ ಮಿಸ್, ನಿಮಗೆ ಪಾಠ ಮುಗಿಸೋ ತಲೆನೋವಂತೂ ಇಲ್ಲವಲ್ಲ" ಅಂದರು. ನಾಳೆ ಹೇಳ್ತೀನಿ ಅಂತ ಬಂದೆ. ಆಗಲ್ಲ ಅನ್ನೋದೇ ಮನಸ್ಸಲ್ಲಿತ್ತು. ಮನೆಯಲ್ಲಿ ಇವರಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕರು. "ನೀನಾ? ಪರದೇಶಕ್ಕಾ? ಬಸ್ಸಲ್ಲಿ ಚಿಲ್ಲರೆ ಕೇಳೋಕೂ ನನ್ನನ್ನೇ ಮುಂದೆ ನೂಕ್ತೀಯ." ಮಾರನೆಯ ದಿನ ಹೋಗಿ ಒಪ್ಪಿಕೊಂಡೆ.

ನಮ್ಮ ಮಕ್ಕಳು ಇಲ್ಲಿಯ ಒಂದು ಶಾಲೆಯಲ್ಲಿ ಎರಡು ವಾರ ಇಂಗ್ಲಿಷ್ ಹೇಳಿಕೊಡಬೇಕು. ಕರೆತಂದ ಸಂಸ್ಥೆಯ ಸಂಯೋಜಕಿ ನಿಲ್ದಾಣಕ್ಕೇ ಬಂದಿದ್ದಳು. ಚಿಕ್ಕ ಪ್ರಾಯ, ಮಾತು ಮಾತಿಗೂ ಪಾಕ. ಅವಳಿಗೆ 'ಸಕ್ಕರೆ' ಅಂತ ಹೆಸರಿಟ್ಟಿದ್ದೇನೆ. ಎಲ್ಲರಿಗೂ ಹಳದಿ ಟೀ ಶರ್ಟು ಹಂಚಿದಳು, ಬೆನ್ನ ಮೇಲೆ 'ಬೆಳಕು ತಂದವರು' ಅಂತ ಅಚ್ಚು. ನನಗೂ ಒಂದು. ಹಾಕಲ್ಲ ಅಂದೆ. "ಎಲ್ಲರೂ ಹಾಕ್ತಾರೆ ಮೇಡಂ." ಹಾಕಲಿ, ಯಾರು ಬೇಡ ಅಂದರು.

ಹಾಸಿಗೆ ಮಧ್ಯದಲ್ಲಿ ಗುಂಡಿ. ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು, ಬಿಸಿನೀರಿನದರಲ್ಲಿ ಏನೂ ಇಲ್ಲ.

ಜೂನ್ ೪, ಬುಧವಾರ

ಪಾಠ ಶುರುವಾಯಿತು. ಉದ್ದನೆಯ ಒಂದೇ ಅಂತಸ್ತಿನ ಕಟ್ಟಡ, ಮುಂದೆ ಪಡಸಾಲೆ, ಅರ್ಧ ಭಾಗಕ್ಕೆ ಹೊಸ ತಗಡಿನ ಛಾವಣಿ, ಇನ್ನರ್ಧ ಹಳೆಯದು, ತೂತು. ನಮಗೆ ಕೊಟ್ಟಿದ್ದು ದೊಡ್ಡ ಕ್ಲಾಸು, ಹನ್ನೆರಡು ಹದಿಮೂರರ ಮಕ್ಕಳು. ಬೆಳಗಿನ ಮೊದಲ ಎರಡು ಪಿರಿಯಡ್ಡು.

ನಮ್ಮ ಗುಂಪಿಗೆ ಒಬ್ಬ ಲೀಡರ್ ಇದ್ದಾನೆ, ತನ್ನನ್ನು ತಾನೇ ಆರಿಸಿಕೊಂಡಿದ್ದು. ಮೊದಲ ದಿನವೇ ಬಣ್ಣಗಳ ಹಾಡು ಹೇಳಿಸಿದ. ಆ ಮಕ್ಕಳು ಎಷ್ಟು ಚುರುಕು ಅಂದರೆ ಎರಡನೇ ಸಲಕ್ಕೇ ಬಾಯಿಪಾಠ. ನಮ್ಮವರಿಗೆ ನೆಲದ ಮೇಲೆ ಕಾಲೇ ನಿಲ್ಲುತ್ತಿಲ್ಲ. "ಮಿಸ್, ನಾವು ಇಷ್ಟು ಚೆನ್ನಾಗಿ ಪಾಠ ಮಾಡ್ತೀವಿ ಅಂತ ನಮಗೇ ಗೊತ್ತಿರಲಿಲ್ಲ" ಅಂದ ಲೀಡರ್. ನನಗೂ ಗೊತ್ತಿರಲಿಲ್ಲ ಅಂದೆ.

ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಕಿಟಕಿಯ ಆಚೆ ಪಡಸಾಲೆಯಲ್ಲಿ ಒಬ್ಬ ಮನುಷ್ಯ ನಿಂತಿದ್ದ. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಸೀಮೆಸುಣ್ಣ. ಎರಡೂ ಪಿರಿಯಡ್ಡು ಹಾಗೇ ನಿಂತಿದ್ದ. ಯಾರು ಅಂತ ಸಕ್ಕರೆಯನ್ನು ಕೇಳಿದೆ. "ಗಣಿತದ ಮೇಷ್ಟ್ರು. ನೀವು ಬಂದಿರೋದರಿಂದ ಪಾಪ ಅವರಿಗೂ ಸ್ವಲ್ಪ ವಿಶ್ರಾಂತಿ."

ವಿಶ್ರಾಂತಿ ತಗೊಳ್ಳೋರು ಕುರ್ಚಿ ಹುಡುಕ್ತಾರೆ.

ಜೂನ್ ೫, ಗುರುವಾರ

ಇವರ ಫೋನು. "ಕಳೆದುಹೋಗಿಲ್ಲ ತಾನೆ?" ಇಟ್ಟುಬಿಟ್ಟೆ.

ಸೊಂಟ ನೋವು.

ಜೂನ್ ೬, ಶುಕ್ರವಾರ

ಇವತ್ತು ನಡೆದದ್ದನ್ನು ಸರಿಯಾಗಿ ಬರೆದಿಡಬೇಕು.

ಲೀಡರ್ ಹೊಸದೊಂದು ಹಾಡು ಶುರು ಮಾಡಿದ, ವಾರದ ದಿನಗಳದ್ದು. ಈ ಮಕ್ಕಳಿಗೆ ಇನ್ನೂ ಹೇಳಿಕೊಟ್ಟಿರಲಿಲ್ಲ. ಮೂರನೇ ಸಾಲಿಗೆ ಬಂದು ಅವನಿಗೇ ಮರೆತುಹೋಯಿತು. ಬಾಯಿ ತೆರೆದುಕೊಂಡು ನಿಂತ. ಮುಂದಿನ ಬೆಂಚಿನಲ್ಲಿ ಒಬ್ಬ ಹುಡುಗಿ ಇದ್ದಾಳೆ, ಸದಾ ಶೀತ, ಸೊರ್ ಸೊರ್ ಅಂತಿರ್ತಾಳೆ. ಅವಳು ಮೆಲ್ಲಗೆ ಮುಂದಿನ ಸಾಲು ಹೇಳಿಕೊಟ್ಟಳು. ಲೀಡರ್ "ಹಾಂ" ಅಂತ ಮುಂದುವರಿಸಿದ. ಪಕ್ಕದವಳು ಶೀತದ ಹುಡುಗಿಯ ತೊಡೆ ಚಿವುಟಿದಳು. ಚಿವುಟಿಸಿಕೊಂಡವಳು ತಲೆ ತಗ್ಗಿಸಿ, ಆಮೇಲೆ ಎಲ್ಲರ ಜೊತೆ ಬೇಕಂತಲೇ ತಪ್ಪು ತಪ್ಪಾಗಿ ಹಾಡಿದಳು.

ನಾನು ನೋಡಿದೆ. ಯಾಕೆಯೂ ನೋಡಿದ್ದಾಳೆ.

ಊಟದ ಹೊತ್ತಿಗೆ ಬಂದಳು. "ಮಿಸ್, ಇವರಿಗೆ ಎಲ್ಲಾ ಗೊತ್ತು. ನಾನು ಆಟದ ಕಾರ್ಡು ತೆಗೆಯೋ ಮುಂಚೆನೇ ಜೋಡಿ ಜೋಡಿಯಾಗಿ ನಿಂತುಕೊಂಡರು. ಯಾಕೆ ಗೊತ್ತಿಲ್ಲದ ಹಾಗೆ ಆಡ್ತಾರೆ?"

"ನಿನ್ನ ಕೆಲಸ ನೀನು ನೋಡು" ಅಂದೆ.

"ಅದೇ ಮಿಸ್ ನನ್ನ ಕೆಲಸ."

ಕೈಲಿದ್ದ ಬ್ರೆಡ್ಡು ಕಚ್ಚಿದೆ. ಒಣಗಿತ್ತು.

ಜೂನ್ ೯, ಸೋಮವಾರ

ಬೆಳಿಗ್ಗೆ ಒಳಗೆ ಹೋಗಲಿಲ್ಲ. ಪಡಸಾಲೆಗೆ ಹೋಗಿ ಗಣಿತದ ಮೇಷ್ಟ್ರ ಪಕ್ಕ ನಿಂತೆ. ಅವರ ಭಾಷೆ ನನಗೆ ಬರಲ್ಲ, ನನ್ನದು ಅವರಿಗೆ ಬರಲ್ಲ. ಇಬ್ಬರ ಹತ್ತಿರವೂ ಹರುಕು ಇಂಗ್ಲಿಷ್. ಚಹಾ ಕುಡೀತೀರಾ ಅಂದೆ, ಬೇಡ ಅಂದರು. ನನ್ನ ಮುಖ ಕೂಡ ನೋಡಲಿಲ್ಲ.

"ಈ ಪಿರಿಯಡ್ಡು ಯಾರದು?"

"ನನ್ನದು. ಎರಡೂ ನನ್ನದು."

"ಮತ್ತೆ ನಿಮ್ಮ ಪಾಠ?"

"ಮಧ್ಯಾಹ್ನ, ಕೊನೆಗೆ. ಬಿಸಿಲು. ಹೊಟ್ಟೆ ತುಂಬಿರುತ್ತೆ. ಅರ್ಧ ಮಕ್ಕಳು ನಿದ್ದೆ." ಸೀಮೆಸುಣ್ಣವನ್ನು ಬೆರಳಲ್ಲಿ ಹೊರಳಿಸುತ್ತಾ ಅಂದರು, "ಈ ತಿಂಗಳ ಕೊನೆಗೆ ಇವರಿಗೆ ಪರೀಕ್ಷೆ. ಪಾಸಾದರೆ ಮೇಲಿನ ಶಾಲೆ. ಇಲ್ಲದಿದ್ದರೆ ಕೆಲಸಕ್ಕೆ ಹೋಗ್ತಾರೆ. ಗಣಿತದಲ್ಲೇ ಬೀಳೋದು."

ನಮಗಿಂತ ಮೊದಲು ಬಂದವರು ಏನು ಕಲಿಸಿದರು ಅಂತ ಕೇಳಿದೆ. ಈಗ ನನ್ನ ಕಡೆ ತಿರುಗಿದರು. "ಬಣ್ಣ."

"ಅವರಿಗಿಂತ ಮೊದಲು?"

"ಬಣ್ಣ. ವಾರದ ದಿನ. ಆಮೇಲೆ ಅಳ್ತಾರೆ, ಅಪ್ಪಿಕೊಳ್ತಾರೆ, ಹೋಗ್ತಾರೆ."

"ಮಕ್ಕಳು ಗೊತ್ತಿಲ್ಲದ ಹಾಗೆ..."

"ಹಾಗೆ ಇರಿ ಅಂತ ಸಂಸ್ಥೆಯವರು ಹೇಳಿದ್ದಾರೆ. ಬಂದವರಿಗೆ ಖುಷಿ ಆಗಬೇಕು. ಖುಷಿಯಾದರೆ ಛಾವಣಿ." ಮೇಲೆ ಕೈ ತೋರಿಸಿದರು. ಹೊಸ ತಗಡು ಎಲ್ಲಿ ಮುಗಿದು ಹಳೆಯದು ಶುರುವಾಗುತ್ತೋ ಅಲ್ಲಿ.

ನಮ್ಮಲ್ಲಿ ಪರೀಕ್ಷೆ ಹತ್ತಿರ ಬಂತು ಅಂದರೆ ಗಣಿತದವರು ಬಾಗಿಲಲ್ಲಿ ನಿಂತು, "ಮಿಸ್, ನಿಮ್ಮ ಪಿರಿಯಡ್ಡು ಸ್ವಲ್ಪ ಕೊಡ್ತೀರಾ" ಅಂತಾರೆ. ಕೇಳುವ ಧಾಟಿ ಮಾತ್ರ ಕೇಳೋದು, ಅಷ್ಟರಲ್ಲಿ ಒಳಗೆ ಬಂದಾಗಿರುತ್ತೆ. ನಾನು ಬಣ್ಣದ ಡಬ್ಬಿ ಹಿಡಿದುಕೊಂಡು ಪಡಸಾಲೆಯಲ್ಲಿ ನಿಂತಿರ್ತೀನಿ. ಆ ನಿಲುವು ನನಗೆ ಮೈಯಲ್ಲಿ ಗೊತ್ತು. ಇಲ್ಲಿ ಗಣಿತದವನನ್ನು ಹೊರಗೆ ನಿಲ್ಲಿಸಿ ಬಣ್ಣದವರು ಒಳಗೆ ಕೂತಿದ್ದೇವೆ. ನಗು ಬರಬೇಕಿತ್ತು. ಮೈಯೆಲ್ಲಾ ಉರಿಯಿತು.

ಜೂನ್ ೧೦, ಮಂಗಳವಾರ

ಸಕ್ಕರೆಯ ಜೊತೆ ಜಗಳ. ಅವಳು ದನಿ ಏರಿಸಲೇ ಇಲ್ಲ, ಅದೇ ಕೆಟ್ಟದ್ದು.

"ಮೇಡಂ, ಆ ಛಾವಣಿ ಯಾರು ಹಾಕಿಸಿದ್ದು ಹೇಳಿ? ನಿಮ್ಮಂಥ ಶಾಲೆಗಳಿಂದ ಬರೋ ಮಕ್ಕಳೇ. ಮೊದಲ ದಿನವೇ ಇವರಿಗೆ ಎಲ್ಲಾ ಬರುತ್ತೆ ಅಂತಾದರೆ ನಿಮ್ಮ ಮಕ್ಕಳು ಎರಡು ವಾರ ಏನು ಮಾಡ್ತಾರೆ?"

"ಸುಮ್ಮನೆ ಕೂರ್ತಾರೆ. ಕೂತು ಅಭ್ಯಾಸ ಇದೆ."

"ನಿಮಗೆ ತಮಾಷೆ. ನಾನು ಈ ಶಾಲೆಗೋಸ್ಕರ ಎಷ್ಟು ಬಾಗಿಲು ತಟ್ಟಿದ್ದೀನಿ ನಿಮಗೆ ಗೊತ್ತಿಲ್ಲ." ಕಣ್ಣಲ್ಲಿ ನೀರು ತುಂಬಿತ್ತು. ನಾಟಕ ಅನ್ನಿಸಲಿಲ್ಲ. ಆದರೂ ನಾನು ಬಗ್ಗಲಿಲ್ಲ. ಬೆಳಗಿನ ಪಿರಿಯಡ್ಡು ವಾಪಸ್ ಕೊಡಿ, ನಾವು ಮಧ್ಯಾಹ್ನ ಬರ್ತೀವಿ ಅಂದೆ. ಮಧ್ಯಾಹ್ನ ಬಿಸಿಲು, ಬಂದವರಿಗೆ ಕಷ್ಟ ಆಗುತ್ತೆ ಅಂದಳು.

ಕೇಳಿದಿರಾ. ಬಂದವರಿಗೆ ಬಿಸಿಲಂತೆ.

ಒಂದು ಗಂಟೆಯೊಳಗೆ ಪ್ರಿನ್ಸಿಪಾಲರ ಫೋನು. "ಡ್ರಾಯಿಂಗ್ ಮಿಸ್, ನಿಮ್ಮನ್ನ ಕಳಿಸಿದ್ದು ಮಕ್ಕಳು ಕಾಣೆಯಾಗದ ಹಾಗೆ ನೋಡಿಕೊಳ್ಳೋಕೆ. ಅಷ್ಟು ಮಾಡಿ ಸಾಕು."

ಹೂಂ ಅಂದೆ. ಹೂಂ ಅಂದದ್ದಕ್ಕೆ ಒಪ್ಪಿಕೊಂಡೆ ಅಂತ ಅರ್ಥ ಮಾಡಿಕೊಂಡರೆ ಅದು ಅವರ ಹಣೆಬರಹ.

ಜೂನ್ ೧೧, ಬುಧವಾರ

ಹನ್ನೆರಡೂ ಜನರನ್ನು ಕೂರಿಸಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಒಬ್ಬಳು ಅತ್ತಳು. ಇಬ್ಬರು ನಂಬಲೇ ಇಲ್ಲ. ಲೀಡರ್ ಎದ್ದು ನಿಂತ, ಕಿವಿ ಕೆಂಪಗಾಗಿತ್ತು.

"ಹಾಗಾದರೆ ಪಾಠ ಮಾಡಿದ್ದಕ್ಕೆ ಸಂಸ್ಥೆ ಕೊಡೋ ಸರ್ಟಿಫಿಕೇಟು?"

"ಕೊಟ್ಟರೆ ತಗೋ, ಕೊಡದಿದ್ದರೆ ಬಿಡು."

"ನಿಮಗೇನು ಮಿಸ್. ನಿಮ್ಮ ಸಬ್ಜೆಕ್ಟಿಗೆ ಪರೀಕ್ಷೆನೇ ಇಲ್ಲ. ನಮಗೆ ಕಾಲೇಜಿಗೆ ಅದು ಬೇಕು."

ಅವನ ಮಾತಿಗೆ ಕೋಪ ಬರಬೇಕಿತ್ತು. "ಬೇಕು ನಿಜ" ಅಂದೆ. "ಒಳಗಿರೋ ಮಕ್ಕಳಿಗೂ ಪರೀಕ್ಷೆ ಇದೆ. ಯಾರಿಗೆ ಮೊದಲು ಅಂತ ನೀನೇ ಹೇಳು, ನಾನು ಹೇಳಲ್ಲ."

ಅವನು ಮೂವರನ್ನು ಕರೆದುಕೊಂಡು ಸಕ್ಕರೆಯ ಹತ್ತಿರ ಹೋದ. ಅವರು ಚಿಕ್ಕ ಕ್ಲಾಸಿಗೆ ಬಣ್ಣ ಕಲಿಸ್ತಾರಂತೆ. ಉಳಿದ ಎಂಟು ಜನ ನನ್ನ ಮುಖ ನೋಡುತ್ತಾ ಕೂತರು. "ಈಗ ನಾವೇನು ಮಾಡೋದು ಮಿಸ್?" ಅಂದಳು ಯಾಕೆ. ಯಾಕೆ ಅಂತ ಕೇಳಲಿಲ್ಲ, ಅದೊಂದು ವಿಶೇಷ.

ನಾಳೆ ಬೆಳಿಗ್ಗೆ ಗಂಟೆ ಹೊಡೆದ ಮೇಲೆ ನೋಡೋಣ ಅಂದೆ.

ಜೂನ್ ೧೨, ಗುರುವಾರ

ಬೆಳಿಗ್ಗೆ ಗಂಟೆ ಹೊಡೆದ ಮೇಲೆ ಬಾಗಿಲು ತೆರೆದು ಗಣಿತದ ಮೇಷ್ಟ್ರಿಗೆ ಬನ್ನಿ ಅಂತ ಕೈ ತೋರಿಸಿದೆ. ನನ್ನನ್ನು ಅನುಮಾನದಿಂದ ನೋಡಿದರು. ಸಕ್ಕರೆ ಎಲ್ಲಾದರೂ ಇದ್ದಾಳಾ ಅಂತ ಅತ್ತ ಇತ್ತ ಕಣ್ಣು ಹಾಯಿಸಿದರು. ಆಮೇಲೆ ಒಳಗೆ ಹೋದರು. ಥ್ಯಾಂಕ್ಸ್ ಗೀಂಕ್ಸ್ ಏನಿಲ್ಲ. ಅವರದೇ ವಸ್ತು ಅವರಿಗೆ ವಾಪಸ್ ಕೊಟ್ಟರೆ ಥ್ಯಾಂಕ್ಸ್ ಯಾಕೆ ಹೇಳಬೇಕು, ಸರಿಯಾಗೇ ಇದೆ.

ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಮೇಷ್ಟ್ರು ಒಳ್ಳೆಯ ಮಾತುಗಾರರೇನಲ್ಲ. ಗದರ್ತಾರೆ, ಬೇಗ ಬೇಗ ಅಳಿಸ್ತಾರೆ. ಆದರೆ ಶೀತದ ಹುಡುಗಿ ಮೂಗು ಒರೆಸೋದನ್ನೂ ಮರೆತು ಬೋರ್ಡು ನೋಡುತ್ತಿದ್ದಳು. ಬೋರ್ಡೋ, ಸವೆದು ಸವೆದು ಬೂದಿ ಬಣ್ಣಕ್ಕೆ ತಿರುಗಿದೆ, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತೆ. ಸೀಮೆಸುಣ್ಣ ಜಾರುತ್ತೆ. ಕಿಟಕಿ ಕಡೆಯ ಬೆಂಚಿನವರು ಬೆಳಕು ಹೊಡೆದು ಕತ್ತು ಓರೆ ಮಾಡಿಕೊಂಡೇ ಓದಬೇಕು.

ಇಷ್ಟು ದಿನ ಹಿಂದಿನ ಬೆಂಚಿನಲ್ಲಿ ಕೂತು ಇದನ್ನೇ ನೋಡಿದ್ದೇನೆ. ಕಣ್ಣಿಗೆ ಬಿದ್ದಿರಲಿಲ್ಲ. ನಾವು ಹಿಡಿಯುತ್ತಿದ್ದದ್ದು ಬಣ್ಣದ ಕಾರ್ಡು.

ಎಂಟು ಜನರನ್ನು ಪೇಟೆಗೆ ಕರೆದುಕೊಂಡು ಹೋದೆ. ಮರಳುಕಾಗದ, ಹೊಳಪಿಲ್ಲದ ಕಪ್ಪು ಬಣ್ಣ, ಅಗಲದ ಬ್ರಷ್ಷು. ಅಂಗಡಿಯವನಿಗೆ ಹೊಳಪಿಲ್ಲದ್ದು ಬೇಕು ಅಂತ ಹೇಳೋಕೆ ನನ್ನ ಕೊಡೆಯ ಹಿಡಿ, ಅವನ ಬೋಳು ತಲೆ, ಪಕ್ಕದ ಗೋಡೆ ಎಲ್ಲಾ ತೋರಿಸಬೇಕಾಯಿತು. ತಲೆ ತೋರಿಸಿ ಬೇಡ ಅಂದಾಗ ಅವನೂ ನಕ್ಕ. ಚಿಲ್ಲರೆ ನಾನೇ ಕೇಳಿ ಇಸಕೊಂಡೆ.

ಜೂನ್ ೧೪, ಶನಿವಾರ

ಮಧ್ಯಾಹ್ನ ಪೂರ್ತಿ ಬೋರ್ಡು ಉಜ್ಜಿದೆವು. ಮೊದಲು ಹಳೆಯ ಹೊಳಪು ಹೋಗಬೇಕು, ಆಮೇಲೆ ಒದ್ದೆ ಬಟ್ಟೆ, ಒಣಗಿದ ಮೇಲೆ ತೆಳ್ಳಗೆ ಬಣ್ಣ, ಎಲ್ಲರ ಕೈಯೂ ಒಂದೇ ಕಡೆಗೆ ಹೋಗಬೇಕು. ಒಬ್ಬ ಅಡ್ಡಡ್ಡ ಬಳಿದ. ಮತ್ತೆ ಉಜ್ಜಿಸಿದೆ. "ಮಿಸ್, ಯಾರಿಗೆ ಕಾಣುತ್ತೆ?" ಅಂದ. ಕಿಟಕಿ ಬೆಂಚಿನಲ್ಲಿ ಕೂರಿಸಿ, ಈಗ ನೋಡು ಅಂದೆ. ಬಾಯಿ ಮುಚ್ಚಿಕೊಂಡು ಬಂದು ಉಜ್ಜಿದ.

ಹಳದಿ ಟೀ ಶರ್ಟುಗಳೆಲ್ಲಾ ಕಪ್ಪು. 'ಬೆಳಕು ತಂದವರು' ಅನ್ನೋದರಲ್ಲಿ ಬೆಳಕು ಹೋಗಿ ತಂದವರು ಉಳಿದಿದ್ದಾರೆ.

ಸಂಜೆ ಶಾಲೆಯ ಮಕ್ಕಳು ನಮ್ಮವರನ್ನು ಚೆಂಡಾಟಕ್ಕೆ ಎಳೆದರು. ನಮ್ಮ ಮಕ್ಕಳು ಹೀನಾಯವಾಗಿ ಸೋತರು. ಅವರಲ್ಲಿ ಒಬ್ಬರೂ ಆಟ ಬರದ ಹಾಗೆ ನಟಿಸಲಿಲ್ಲ.

ಲೀಡರ್ ದೂರದಿಂದ ನೋಡುತ್ತಿದ್ದ. ಬಾ ಅಂತ ಕರೆಯಲಿಲ್ಲ. ಅವನಿಗೂ ಊಟ ಎತ್ತಿಡಿಸಿದ್ದೆ, ಬಡಿಸಿದೆ.

ಜೂನ್ ೧೬, ಸೋಮವಾರ

ನಾಳೆ ಛಾವಣಿಗೆ ದುಡ್ಡು ಕೊಡುವವರು ನೋಡೋಕೆ ಬರ್ತಾರೆ. ಬೆಳಗಿನ ಪಿರಿಯಡ್ಡಿನಲ್ಲಿ ನಮ್ಮ ಮಕ್ಕಳು ಹಾಡಿಸಬೇಕು ಅಂತ ಸಕ್ಕರೆ. ಆಗಲ್ಲ ಅಂದೆ.

ಊಟ ಆದ ಮೇಲೆ ಗಣಿತದ ಮೇಷ್ಟ್ರೇ ಬಂದರು. ಈ ಸಲ ಚಹಾ ಅವರೇ ತಂದಿದ್ದರು, ಎರಡು ಲೋಟ. ಪಕ್ಕದಲ್ಲಿ ಕೂತರು.

"ನಾಳೆ ಹಾಡು ಮಾಡಿಸಿ" ಅಂದರು.

ನನಗೆ ನೆತ್ತಿಗೇರಿತು. "ನಿಮಗೋಸ್ಕರ ನಾನು ಎಲ್ಲರ ಹತ್ತಿರ ಬೈಸಿಕೊಂಡಿದ್ದೀನಿ."

"ನಾನು ಕೇಳಿರಲಿಲ್ಲ" ಅಂದರು. ಹರಿತವಾಗಿಯೇನೂ ಅಲ್ಲ. "ನೀವು ಹೋಗ್ತೀರಿ. ಮಳೆ ಬರುತ್ತೆ. ಚಿಕ್ಕ ಮಕ್ಕಳ ರೂಮು ಸೋರುತ್ತೆ. ನನಗೆ ಬೆಳಿಗ್ಗೆ ಬೇಕು. ಛಾವಣಿಯೂ ಬೇಕು. ಎರಡೂ ಬೇಕು ಅನ್ನೋದು ತಪ್ಪಾ?"

ಚಹಾದಲ್ಲಿ ಸಕ್ಕರೆ ಇರಲಿಲ್ಲ, ಹಾಗೇ ಕುಡಿದೆ.

ಮಧ್ಯಾಹ್ನವಿಡೀ ಯೋಚನೆ ಮಾಡಿದೆ. ಸೋರುವ ರೂಮಿನಲ್ಲಿ ಕೂರೋದು ನಾನಲ್ಲ. ಹೋಗಿ ಲೀಡರ್‌ಗೆ ಹೇಳಿದೆ, "ನಾಳೆ ನೀನು ಹಾಡಿಸು. ಪೂರ್ತಿ. ಚೆನ್ನಾಗಿ." ಅವನು ನನ್ನನ್ನೇ ನೋಡಿದ. "ನೀವು ಸೋತಿರಾ ಮಿಸ್?" ಅಂದ. ಕುಹಕ ಇರಲಿಲ್ಲ ಅವನ ದನಿಯಲ್ಲಿ, ಬೇಜಾರಿತ್ತು.

"ಪಾಠ ಮೊದಲು, ಹಾಡು ಆಮೇಲೆ. ಒಂದೇ ಹಾಡು. ಇದು ಸೋಲಾದರೆ ಸೋಲು."

ಜೂನ್ ೧೭, ಮಂಗಳವಾರ

ಇವತ್ತಿನದನ್ನು ಬರೆದೇ ಮಲಗಬೇಕು.

ಅತಿಥಿಗಳು ಐದಾರು ಜನ. ಎಲ್ಲರಿಗಿಂತ ಮುಂದೆ ಒಬ್ಬ ಅಜ್ಜಿ, ಊರುಗೋಲು, ದಪ್ಪ ಕನ್ನಡಕ. ಮೇಷ್ಟ್ರ ಪಾಠ ಮುಗಿಯೋವರೆಗೂ ಅವರನ್ನು ಪಡಸಾಲೆಯಲ್ಲಿ ನಿಲ್ಲಿಸಿದೆ. ಸಕ್ಕರೆ ನನ್ನನ್ನು ಕಣ್ಣಲ್ಲೇ ಸುಟ್ಟಳು. ಆಮೇಲೆ ಲೀಡರ್ ಹಾಡಿಸಿದ, ಮಕ್ಕಳೂ ಮೊದಲ ಸಲ ಕೇಳಿದವರ ಹಾಗೆ ಚಂದವಾಗಿ ತಡವರಿಸಿದರು. ಚಪ್ಪಾಳೆ. ಎಲ್ಲಾ ಸರಿಯಾಗಿ ಮುಗಿಯಿತು ಅಂದುಕೊಂಡೆ.

ಅಜ್ಜಿ ಮುಂದಿನ ಬೆಂಚಿಗೆ ಬಗ್ಗಿ ಶೀತದ ಹುಡುಗಿಯನ್ನು ಸರಳ ಇಂಗ್ಲಿಷಿನಲ್ಲಿ ಕೇಳಿದರು, "ಈ ಅಕ್ಕ ಅಣ್ಣಂದಿರು ಬಂದು ಏನು ಕಲಿಸಿದರಮ್ಮ?"

"ಬಣ್ಣ."

"ಭೇಷ್. ಮುಂದಿನ ಸಲ ಬರೋರು ಏನು ಕಲಿಸಬೇಕು?"

ಹುಡುಗಿ ಮೂಗು ಎಳೆದುಕೊಂಡಳು. ಪಕ್ಕದವಳ ಕೈ ಚಿವುಟೋಕೆ ಸಿದ್ಧವಾಗಿತ್ತು. "ಹೋದ ಸಲದವರೂ ಬಣ್ಣ. ಅದಕ್ಕೂ ಮೊದಲಿನವರೂ ಬಣ್ಣ. ನಮಗೆ ಬಣ್ಣ ಬರುತ್ತೆ."

ಸಕ್ಕರೆ ನಗುನಗುತ್ತಲೇ ಹುಡುಗಿಯ ಹೆಗಲ ಮೇಲೆ ಕೈ ಇಟ್ಟಳು. "ಹೀಗೆ ಹೇಳು ಅಂತ ಯಾರು ಹೇಳಿಕೊಟ್ಟರು ನಿನಗೆ?"

ಆ ಮಗುವಿನ ಮುಖ ನೋಡಿದೆ. ನಾವು ಹೋದ ಮೇಲೂ ಅವಳು ಇದೇ ಬೆಂಚಿನಲ್ಲಿ ಇರಬೇಕು.

"ನಾನು" ಅಂದೆ. ಎದ್ದು ನಿಂತಿದ್ದೆ, ಯಾವಾಗ ನಿಂತೆನೋ ಗೊತ್ತಿಲ್ಲ. "ನಾನೇ ಹೇಳಿಕೊಟ್ಟೆ. ಮಗುವಿನ ತಪ್ಪಿಲ್ಲ, ಶಾಲೆಯ ತಪ್ಪಿಲ್ಲ."

ಅಜ್ಜಿ ಕನ್ನಡಕದ ಮೇಲಿಂದ ನೋಡಿದರು. "ಯಾಕೆ ಹೇಳಿಕೊಟ್ಟಿರಿ?"

ನನ್ನ ಇಂಗ್ಲಿಷ್ ಆಗ ಎಲ್ಲಿಂದ ಬಂತೋ. ಹರುಕೋ ಮುರುಕೋ, ಹೇಳಿದೆ. ಬೆಳಗಿನ ಹೊತ್ತು ಈ ಮೇಷ್ಟ್ರದು, ತಿಂಗಳ ಕೊನೆಗೆ ಪರೀಕ್ಷೆ, ನಾವು ಬಂದವರು ಅವರ ಗಂಟೆಯನ್ನು ತಿನ್ನುತ್ತಾ ಕೂತಿದ್ದೆವು, ನಮ್ಮ ಮಕ್ಕಳು ಒಳ್ಳೆಯವರೇ, ಆದರೆ ತಪ್ಪು ಹೊತ್ತಿಗೆ ಬಂದಿದ್ದೇವೆ. ಇಷ್ಟೇ. ಕೂತುಕೊಂಡೆ.

ಅಜ್ಜಿ ಗಣಿತದ ಮೇಷ್ಟ್ರ ಕಡೆ ತಿರುಗಿದರು. "ನಿಮಗೆ ಏನು ಬೇಕು?"

ಮೇಷ್ಟ್ರು ಮೇಲೆ ತೂತು ತಗಡು ನೋಡಿದರು. ಆಮೇಲೆ ಬೋರ್ಡು ನೋಡಿದರು. "ಬೆಳಗಿನ ಪಿರಿಯಡ್ಡು" ಅಂದರು. ಒಂದು ಕ್ಷಣ ಬಿಟ್ಟು, "ಆಮೇಲೆ ಛಾವಣಿ."

ಅಜ್ಜಿಗೆ ನಗು ಬಂತೋ ಕೆಮ್ಮು ಬಂತೋ ತಿಳಿಯಲಿಲ್ಲ. ಯೋಚನೆ ಮಾಡ್ತೀವಿ ಅಂದರು. ಹೋದರು.

ಜೂನ್ ೧೮, ಬುಧವಾರ

ಪ್ರಿನ್ಸಿಪಾಲರ ಫೋನು: ಊರಿಗೆ ಬಂದ ತಕ್ಷಣ ಅವರನ್ನು ಬಂದು ನೋಡಬೇಕಂತೆ, ಮುಂದೆ ಯಾವ ಪ್ರವಾಸಕ್ಕೂ ನನ್ನ ಹೆಸರು ಇರಲ್ಲವಂತೆ, ಕ್ಷಮೆ ಕೇಳಬೇಕಂತೆ. ಬಂದು ನೋಡ್ತೀನಿ ಸರ್, ಕ್ಷಮೆ ಮಾತ್ರ ಕೇಳಲ್ಲ ಅಂದೆ.

ಸರ್ಟಿಫಿಕೇಟು ಯಾರಿಗೂ ಇಲ್ಲ. ನನ್ನ ಮಕ್ಕಳಿಗೆ ಇದನ್ನು ನಾನೇ ಹೇಳಿದೆ. ಯಾಕೆ, "ಪರವಾಗಿಲ್ಲ ಮಿಸ್" ಅಂದಳು. ಉಳಿದ ಕೆಲವರು ಹಾಗೆ ಅನ್ನಲಿಲ್ಲ. ಅದೂ ನ್ಯಾಯವೇ.

ಉಳಿದ ಕ್ಲಾಸುಗಳ ಬೋರ್ಡೂ ಒಂದೊಂದಾಗಿ ಬಳಿಯುತ್ತಾ ಬಂದಿದ್ದೆವು, ಮಧ್ಯಾಹ್ನ ಕೊನೆಯದನ್ನು ಬಳಿಯೋಕೆ ಲೀಡರ್ ಬಂದ. ಬ್ರಷ್ಷು ಕೈಗೆ ಕೊಟ್ಟೆ. ಬಹಳ ಹೊತ್ತು ಬಳಿದ ಮೇಲೆ, "ಅಪ್ಪನಿಗೆ ನಾನೇ ಹೇಳ್ತೀನಿ, ನೀವು ಫೋನ್ ಮಾಡಬೇಡಿ" ಅಂದ. "ಚಿಕ್ಕ ಕ್ಲಾಸಿನವರಿಗೂ ಬಣ್ಣ ಬರ್ತಿತ್ತು ಮಿಸ್. ಮೊದಲ ದಿನವೇ ಗೊತ್ತಾಯ್ತು."

ಸಕ್ಕರೆ ಸಂಜೆ ಬಂದು ಬಾಗಿಲಲ್ಲಿ ನಿಂತಳು. ಪಾಕ ಪೂರ್ತಿ ಇಳಿದುಹೋಗಿತ್ತು, ಬಳಲಿದ ಹುಡುಗಿಯ ಮುಖ. ನಿಮ್ಮ ಶಾಲೆಯನ್ನು ಇನ್ನು ಕರೆಯಲ್ಲ ಅಂದಳು. ಛಾವಣಿಯ ಬಗ್ಗೆ ಇನ್ನೂ ಏನೂ ಹೇಳಿಲ್ಲವಂತೆ. ಹೊರಟವಳು ತಿರುಗಿ, "ಮುಂದಿನ ಗುಂಪಿಗೆ ಮಧ್ಯಾಹ್ನದ ಹೊತ್ತು ಹಾಕಿದ್ದೀನಿ. ಆ ಅಜ್ಜಿ ಹೇಳಿದರು" ಅಂದಳು. ಕೂರಿಸಿ ಬ್ರೆಡ್ಡು ಕೊಟ್ಟೆ. ತಿಂದಳು.

ಇವರಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ನಗಲಿಲ್ಲ. "ನಿಲ್ದಾಣಕ್ಕೆ ಬರಲಾ?" ಅಂದರು. ನೀವು ದಾರಿ ತಪ್ತೀರಿ, ಮನೇಲೇ ಇರಿ, ನಾನೇ ಬರ್ತೀನಿ ಅಂದೆ.

ಜೂನ್ ೧೯, ಗುರುವಾರ

ವಿಮಾನಕ್ಕೆ ಕಾಯುತ್ತಾ ಬರೆಯುತ್ತಿದ್ದೇನೆ. ಹನ್ನೆರಡೂ ಜನ ಇದ್ದಾರೆ, ಅರ್ಧ ಜನ ನನ್ನ ಹೆಗಲ ಮೇಲೇ ತೂಕಡಿಸುತ್ತಿದ್ದಾರೆ.

ಬೆಳಿಗ್ಗೆ ಬಸ್ಸು ಬೇಗ ಬಂತು. ಮೊದಲ ಪಿರಿಯಡ್ಡು ನಡೆಯುತ್ತಿತ್ತು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೈ ಬೀಸಿಸೋಣ ಅಂತ ಸಕ್ಕರೆ ಕ್ಲಾಸಿನ ಬಾಗಿಲಿಗೆ ಹೋದಳು. ಯಾವಾಗಲೂ ಹಾಗೇ ಮಾಡ್ತಾರಂತೆ. ಗಣಿತದ ಮೇಷ್ಟ್ರು ತಲೆ ಅಲ್ಲಾಡಿಸಿ ಬಾಗಿಲು ಹಾಕಿಕೊಂಡರು.

ನಾನು ಕಿಟಕಿಯ ಹತ್ತಿರ ಹೋದೆ. ಬೋರ್ಡಿನ ತುಂಬಾ ಲೆಕ್ಕ, ಅಚ್ಚ ಕಪ್ಪಿನ ಮೇಲೆ ಅಚ್ಚ ಬಿಳಿ, ಕಿಟಕಿ ಬೆಂಚಿನಿಂದಲೂ ಓದಬಹುದು. ಶೀತದ ಹುಡುಗಿ ನನ್ನನ್ನು ನೋಡಿಬಿಟ್ಟಳು, ಬೆಂಚಿನಿಂದ ಅರ್ಧ ಎದ್ದಳು. ಮೇಷ್ಟ್ರು ಬೋರ್ಡಿಗೆ ಟಕ್ ಟಕ್ ಅಂತ ಬಡಿದು ಏನೋ ಗದರಿದರು. ಇಲ್ಲಿ ನೋಡು ಅಂತಲೇ ಇರಬೇಕು. ಹುಡುಗಿ ಕೂತು, ತಿರುಗಿ ಬೋರ್ಡು ನೋಡಿದಳು. ಮತ್ತೆ ನನ್ನ ಕಡೆ ನೋಡಲಿಲ್ಲ.

ಬೀಳ್ಕೊಡೋಕೆ ಒಬ್ಬರೂ ಹೊರಗೆ ಬರಲಿಲ್ಲ. ಬಂದಿದ್ದರೆ ಬೈದು ಒಳಗೆ ಕಳಿಸುತ್ತಿದ್ದೆ.